ಬೀರುವಿನ ಹಿಂದಿನ ವೈಫೈ: ಎಕ್ಸ್‌ಟೆಂಡರ್, ಕೇಬಲ್, ಡಾಂಗಲ್

ವೈಫೈ ಸರಿಯಾಗಿ ತಲುಪದ ರೂಮಿನ ಲ್ಯಾಪ್‌ಟಾಪಿಗೆ ಈ ಮೂರರಲ್ಲಿ ಯಾವುದು ಸರಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯುಎಸ್‌ಬಿ ಡಾಂಗಲ್‌ಗೆ, ಅಂದರೆ ಯುಎಸ್‌ಬಿ ತೂತಿಗೆ ಚುಚ್ಚಿ ವೈಫೈ ಹಿಡಿಯುವ ಪುಟ್ಟ ಸಾಧನಕ್ಕೆ. ನಿಜ ಹೇಳಬೇಕೆಂದರೆ ಡಾಂಗಲ್‌ಗಿಂತ ಅದಕ್ಕೆ ಸಿಕ್ಕಿಸಿದ 180 ರೂಪಾಯಿಯ ಎಕ್ಸ್‌ಟೆನ್ಶನ್ ವೈರಿಗೆ. ಇದು ಮೊದಲೇ ಹೊಳೆದಿದ್ದರೆ 1,600 ರೂಪಾಯಿ ಉಳಿಯುತ್ತಿತ್ತು.

ನಮ್ಮದು ಮೈಸೂರಿನಲ್ಲಿ ಬಾಡಿಗೆ ಮನೆ. ರೂಟರ್ ಹಾಲಿನಲ್ಲಿ, ಟಿವಿ ಪಕ್ಕ. ನಾನು ಕೆಲಸಕ್ಕೆ ಕೂರುವುದು ಹಿಂದಿನ ರೂಮಿನಲ್ಲಿ. ನಡುವೆ ಒಂಬತ್ತಿಂಚಿನ ಗೋಡೆ, ಆ ಗೋಡೆಗೆ ಒತ್ತಿಕೊಂಡು ಅಮ್ಮನ ಮದುವೆ ಕಾಲದ ಕಬ್ಬಿಣದ ಬೀರು. ಗೋಡೆಯನ್ನು ವೈಫೈ ಹೇಗೋ ದಾಟುತ್ತದೆ. ಕಬ್ಬಿಣದ ಹಾಳೆಗೆ ಬಡಿದರೆ ವಾಪಸ್. ಬೀರು ಸರಿಸಿಯೂ ನೋಡಿದೆ, ಒಂದು ಕಡ್ಡಿ ಸಿಗ್ನಲ್ ಜಾಸ್ತಿ ಬಂತು. ಆದರೆ ಅದನ್ನಿಡಲು ಮನೆಯಲ್ಲಿ ಬೇರೆ ಜಾಗವಿಲ್ಲ.

ಲ್ಯಾಪ್‌ಟಾಪಿಗೆ ಆರು ವರ್ಷ. ಒಳಗಿನ ವೈಫೈ ಕಾರ್ಡಿಗೆ 2.4 ಗಿಗಾಹರ್ಟ್ಸ್ (ವೈಫೈಯ ಹಳೆಯ, ನಿಧಾನದ ರೇಡಿಯೋ ಪಟ್ಟಿ) ಬಿಟ್ಟು ಬೇರೇನೂ ಗೊತ್ತಿಲ್ಲ, ಅದಕ್ಕಿರುವುದೂ ಒಂದೇ ಆಂಟೆನಾ. ಲಿಂಕ್ ಸ್ಪೀಡ್, ಅಂದರೆ ರೂಟರಿಗೂ ಲ್ಯಾಪ್‌ಟಾಪಿಗೂ ನಡುವಿನ ಲೆಕ್ಕದ ವೇಗ, 72 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ದಾಟಿದ್ದೇ ಇಲ್ಲ, ಕೈಗೆ ಸಿಗುತ್ತಿದ್ದದ್ದು ಐದೋ ಎಂಟೋ. ದುಡ್ಡು ಕಟ್ಟುವುದು ಮಾತ್ರ 100 ಎಂಬಿಪಿಎಸ್ ಪ್ಲಾನಿಗೆ.

ಮೊದಲು ತಂದದ್ದು ಎಕ್ಸ್‌ಟೆಂಡರ್, ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಹಾಯಿಸುವ ಡಬ್ಬಿ. ಆ 1,600 ರೂಪಾಯಿ ಹೋದದ್ದು ಇದಕ್ಕೇ. ಇದನ್ನು ಸಿಗ್ನಲ್ ಇಲ್ಲದ ರೂಮಿನಲ್ಲಿಟ್ಟರೆ ಪ್ರಯೋಜನವಿಲ್ಲ, ಅರ್ಧ ದಾರಿಯಲ್ಲಿಡಬೇಕು. ನಮ್ಮ ಮನೆಯಲ್ಲಿ ಅರ್ಧ ದಾರಿ ಅಂದರೆ ಅಡುಗೆಮನೆ, ಅಲ್ಲಿರುವ ಒಂದೇ ಸಾಕೆಟ್ಟು ಮಿಕ್ಸಿಯದು. ಬೆಳಗ್ಗೆ ಒಂಬತ್ತೂವರೆಯ ಮೀಟಿಂಗೂ ಚಟ್ನಿ ರುಬ್ಬುವ ಹೊತ್ತೂ ಒಂದೇ. ಮೀಟಿಂಗಿನಿಂದ ನಾನು ಮಾಯವಾದರೆ ಇವತ್ತು ದೋಸೆ ಅಂತ ಅರ್ಥ. ಸಾಕೆಟ್ಟು ನನ್ನದೇ ಆಗಿದ್ದ ಹೊತ್ತಲ್ಲೂ ಸುಮಾರು ಇಪ್ಪತ್ತು ಎಂಬಿಪಿಎಸ್ ಬರುತ್ತಿತ್ತು ಅಷ್ಟೆ. ಕಡಿಮೆ ಬೆಲೆಯ ಎಕ್ಸ್‌ಟೆಂಡರಿನಲ್ಲಿ ಒಂದೇ ರೇಡಿಯೋ ರೂಟರಿನಿಂದ ಕೇಳಿಸಿಕೊಂಡು ಅದನ್ನೇ ನಮಗೆ ಮತ್ತೆ ಹೇಳಬೇಕು, ಅರ್ಧ ವೇಗ ಅಲ್ಲೇ ಹೋಗುತ್ತದೆ. ವಾಪಸ್ ಕೊಡೋಣವೆಂದರೆ ಗಡುವು ಮುಗಿದಿತ್ತು. ಈಗ ಅದು ಬೀರುವಿನೊಳಗಿದೆ.

ಲ್ಯಾಪ್‌ಟಾಪಿನ ಕಾರ್ಡನ್ನೇ ಬದಲಾಯಿಸೋಣವೆಂದು ರಿಪೇರಿ ಅಂಗಡಿಗೆ ಹೋದೆ. ಹೊಸ ಕಾರ್ಡಿಗೆ ಎರಡು ಆಂಟೆನಾ ಬೇಕು, ನನ್ನದರಲ್ಲಿ ಒಂದೇ ವೈರಿದೆ, ಇನ್ನೊಂದು ಎಳೆಯಲು ಪೂರ್ತಿ ಬಿಚ್ಚಬೇಕು ಅಂದರು. ಲ್ಯಾಪ್‌ಟಾಪ್ ಮುಚ್ಚಳದ ಆರು ವರ್ಷದ ಕೀಲು ಅದನ್ನು ತಡೆಯುತ್ತದೆಂಬ ಧೈರ್ಯ ನನಗಿರಲಿಲ್ಲ.

ಲ್ಯಾನ್ ಕೇಬಲ್? ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಸ್ನೇಹಿತನ 15 ಮೀಟರ್ ಕೇಬಲ್ ಎರವಲು ತಂದು ಸಿಕ್ಕಿಸಿದ ಕೂಡಲೇ 94 ಎಂಬಿಪಿಎಸ್. ಆದರೆ ಬಾಗಿಲು ಹಾಕಲಾಗದು, ಪೊರಕೆಗೆ ಸಿಕ್ಕಿಕೊಳ್ಳುತ್ತದೆ, ಗೋಡೆಗೆ ಕ್ಲಿಪ್ ಹೊಡೆಯೋಣವೆಂದರೆ ಓನರ್ ಕ್ಯಾಲೆಂಡರಿಗೂ ಮೊಳೆ ಬೇಡ ಅಂದವರು. ಸ್ವಂತ ಮನೆಯಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಇನ್ನು ಡಾಂಗಲ್. ಉದ್ದ ಆಂಟೆನಾದ, ಎಸಿ600 ಅಂತ ಬರೆದಿರುವ, 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಹಿಡಿಯುವಂಥದ್ದು, 950 ರೂಪಾಯಿ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಅಡ್ಡಿಗೆ ಬೇಗ ಸೋಲುತ್ತದೆ; ಬೀರುವಿನ ಹಿಂದೆ ಅದು ನಿಲ್ಲದೆ ಇದೂ 2.4ಕ್ಕೇ ಇಳಿಯಿತು. ಆದರೂ ಮೂವತ್ತು ದಾಟಿತು, ನಾನು ಖುಷಿಯಾಗಿದ್ದೆ. ಶುಕ್ರವಾರ ಬರುವವರೆಗೆ.

ಶುಕ್ರವಾರ ಸಂಜೆ ನೆಟ್ ಸತ್ತೇ ಹೋಯಿತು. ಸಿಗ್ನಲ್ ಕಡ್ಡಿಗಳು ಇದ್ದಂತೆಯೇ ಇವೆ, ಪೇಜ್ ಮಾತ್ರ ತೆರೆಯುವುದಿಲ್ಲ. ಪಕ್ಕದಲ್ಲಿಟ್ಟ ಫೋನಿನಲ್ಲಿ ಪರವಾಗಿಲ್ಲ. ಡ್ರೈವರ್ ತೆಗೆದು ಎರಡು ಸಲ ಹಾಕಿದೆ. ಶನಿವಾರ ಬೆಳಗ್ಗೆ ತಾನಾಗಿ ಸರಿಹೋಯಿತು. ಮುಂದಿನ ಶುಕ್ರವಾರ ಮತ್ತದೇ ಕತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳವಾಡಿದೆ, ಪಾಪ, ಅವರದೇನೂ ತಪ್ಪಿರಲಿಲ್ಲ.

ಸುಳಿವು ಕೊಟ್ಟಿದ್ದು ಮೌಸ್. ವೈರ್‌ಲೆಸ್ ಮೌಸಿನ ಬಾಣ ಅವತ್ತು ಕುಂಟುತ್ತಿತ್ತು. ಹೊಸ ಸೆಲ್ ಹಾಕಿದರೂ ಕುಂಟಾಟ ನಿಲ್ಲಲಿಲ್ಲ. ಬೇಸರದಿಂದ ಎಲ್ಲ ಮುಚ್ಚಿಡೋಣವೆಂದು ಯುಎಸ್‌ಬಿಗೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕ್ ಕಿತ್ತೆ ನೋಡಿ, ಬಾಣ ಬೆಣ್ಣೆಯಂತೆ ಜಾರಿತು, ಪೇಜೂ ತೆರೆಯಿತು. ಮತ್ತೆ ಚುಚ್ಚಿದೆ, ಸತ್ತಿತು. ಕಿತ್ತೆ, ಬಂತು. ಸಣ್ಣ ಮಕ್ಕಳು ಸ್ವಿಚ್ ಹಾಕಿ ಆರಿಸುವ ಹಾಗೆ ಐದಾರು ಸಲ ಮಾಡಿದೆ. ಶುಕ್ರವಾರ ನಾನು ಆ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆಯುವ ದಿನ.

ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಅದರ ಪೋರ್ಟಿನಿಂದಲೂ ವೈರಿನಿಂದಲೂ ರೇಡಿಯೋ ಗದ್ದಲ ಸೋರುತ್ತದೆ, ಅದು 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಬೀಳುತ್ತದೆ. ಚಿಪ್ ತಯಾರಿಸುವ ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿದೆ. ನನ್ನ ಡಾಂಗಲ್ ಆ ಹಾರ್ಡ್ ಡಿಸ್ಕಿನ ಪಕ್ಕದ ತೂತಿನಲ್ಲೇ ಇತ್ತು, ಅದೇ 2.4ರಲ್ಲಿ ಮಾತಾಡುವ ಮೌಸಿನ ಪುಟಾಣಿ ರಿಸೀವರ್ ಅದರಾಚೆ. ಜಾತ್ರೆಯ ಮೈಕಿನ ಕೆಳಗೆ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಹೊರಟ ಹಾಗಾಗಿತ್ತು.

ದೂರ ಸರಿಸಿದರೆ ಗದ್ದಲ ತಗ್ಗುತ್ತದೆ. ಮೌಸಿನ ರಿಸೀವರನ್ನು ಎಡಗಡೆಯ ಪೋರ್ಟಿಗೆ ಹಾಕಿದೆ. ಡಾಂಗಲ್‌ಗೆ ಮೂರು ಮೀಟರಿನ ಎಕ್ಸ್‌ಟೆನ್ಶನ್ ಕೊಟ್ಟು, ಬಾಗಿಲ ಪರದೆಯ ಸರಳಿಗೆ ಬಟ್ಟೆ ಕ್ಲಿಪ್ಪಿನಿಂದ ನೇತುಹಾಕಿದೆ. ಆಗ ಲೆಕ್ಕಕ್ಕಿರದ ಲಾಭವೂ ಬಂತು. ಬಾಗಿಲಲ್ಲಿ ನಿಂತರೆ ಬೀರು ಅಡ್ಡ ಬರುವುದಿಲ್ಲ, ಹಾಲಿನ ರೂಟರ್ ನೇರ ಕಾಣುತ್ತದೆ. 5 ಗಿಗಾಹರ್ಟ್ಸ್ ಹಿಡಿಯಿತು. ಲಿಂಕ್ 433, ಟೆಸ್ಟ್ ಮಾಡಿದರೆ 90. ಮೊಳೆಯಿಲ್ಲ, ನೆಲದ ಮೇಲೆ ವೈರಿಲ್ಲ, ಚಟ್ನಿಗೆ ತೊಂದರೆಯಿಲ್ಲ.

ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಯಿಡೀ ಓಡಾಡುವವರಿಗೂ ಇದಲ್ಲ, ನಾನು ಒಂದೇ ಮೇಜಿಗೆ ಅಂಟಿಕೊಂಡವನು. ಆನ್‌ಲೈನ್ ಗೇಮ್ ಆಡುವವರು ಓನರ್ ಕೈಕಾಲು ಹಿಡಿದಾದರೂ ಕೇಬಲ್ ಎಳೆಸಿಕೊಳ್ಳಿ. ನಮ್ಮದು ಹನ್ನೊಂದು ತಿಂಗಳ ಅಗ್ರಿಮೆಂಟು, ಮನೆ ಬಿಡುವಾಗ ಜೇಬಿಗೆ ಹಾಕಿಕೊಂಡು ಹೋಗುವಂಥದ್ದೇ ನನಗೆ ಸರಿ.

ಎಕ್ಸ್‌ಟೆನ್ಶನ್ ತರುವಾಗ ಉದ್ದದ ಆಸೆಗೆ ಬೀಳಬೇಡಿ. ನಾನು ಮೊದಲು ತಂದ ಐದು ಮೀಟರಿನ ಅಗ್ಗದ ವೈರಿನಲ್ಲಿ ಡಾಂಗಲ್ ದೀಪ ಹತ್ತುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಅಂಗಡಿಯವನು ಗೊಣಗಿಕೊಂಡೇ ಮೂರು ಮೀಟರಿನದ್ದು ಬದಲಾಯಿಸಿಕೊಟ್ಟ.