ಶಿವರಾತ್ರಿಗೆ ಬಿತ್ತಿ ಯುಗಾದಿಗೆ ಹೂ ನೋಡುವುದಾದರೆ: ತಾರಸಿ ತರಕಾರಿಗಳ ಒಂದು ಹೋಲಿಕೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವವರಿಗೆ ಕೈ ತುರಿಸುವುದೂ ಆಗಲೇ. ಬೆಳಗ್ಗೆ ತಂಪು, ಮಧ್ಯಾಹ್ನ ಒಳ್ಳೆ ಬಿಸಿಲು, ಮಳೆಯ ಕಾಟವಿಲ್ಲ. ಏನು ಬಿತ್ತಿದರೂ ನಾಲ್ಕೈದು ದಿನದಲ್ಲಿ ಮೊಳಕೆ ಕಾಣುತ್ತದೆ. ಹಾಗಾಗಿ ಎಲ್ಲವೂ ಬೆಳೆಯುತ್ತದೆ ಅನ್ನಿಸುತ್ತದೆ. ಆದರೆ ಫೆಬ್ರವರಿ ಕೊನೆಗೆ ಬಿತ್ತಿದ ಬೀಜ ಹೂ ಬಿಡುವುದು ಏಪ್ರಿಲ್‌ನಲ್ಲಿ, ಅಂದರೆ ನಮ್ಮೂರಿನ ಅತಿ ಬಿಸಿ ತಿಂಗಳಲ್ಲಿ. ಆಗ ಹಗಲು ಸರಾಸರಿ 34 ಡಿಗ್ರಿ, ರಾತ್ರಿಯೂ 22ರ ಆಸುಪಾಸು. 2016ರ ಏಪ್ರಿಲ್‌ನಲ್ಲಿ 39 ದಾಟಿತ್ತು. ನೆಲಕ್ಕಿಂತ ತಾರಸಿಯ ಕಾಂಕ್ರೀಟ್ ಇನ್ನೂ ಹೆಚ್ಚು ಕಾಯುತ್ತದೆ, ಸಂಜೆಯಾದರೂ ಆರುವುದಿಲ್ಲ. ಆದ್ದರಿಂದ ಬೀಜ ಆರಿಸುವಾಗ ಬಿತ್ತುವ ವಾರದ ಹವೆಯನ್ನು ಮರೆತು, ಹೂ ಬಿಡುವ ವಾರದ ಹವೆಯನ್ನು ನೋಡಬೇಕು. ನಾನು ಹಲವು ಬೇಸಿಗೆ ಜೋಡಿ ಜೋಡಿಯಾಗಿ ಬೆಳೆದು ನೋಡಿ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ರಾಜಾಜಿನಗರದ ಎರಡಂತಸ್ತಿನ ಮನೆ, ಪಶ್ಚಿಮದ ಬಿಸಿಲು ನೇರವಾಗಿ ಬೀಳುವ ತಾರಸಿ. ಎಲ್ಲದಕ್ಕೂ ಒಂದೇ ಅಳತೆಯ ಗ್ರೋ ಬ್ಯಾಗ್, ಒಂದೇ ಮಿಶ್ರಣ: ಕೆಂಪು ಮಣ್ಣು, ಕೋಕೋಪಿಟ್, ಎರೆಗೊಬ್ಬರ ಸಮಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಬ್ಯಾಗುಗಳ ಕೆಳಗೆ ಇಟ್ಟಿಗೆ ಇಡುತ್ತೇನೆ, ಕಾದ ನೆಲ ಬೇರಿಗೆ ತಾಗದಿರಲಿ ಅಂತ.

ಎಲ್ಲಕ್ಕಿಂತ ಸ್ಪಷ್ಟ ಫಲಿತಾಂಶ ಸಿಕ್ಕಿದ್ದು ಹುರುಳಿಕಾಯಿ ಮತ್ತು ಅಲಸಂದೆಯ ಜೋಡಿಯಲ್ಲಿ. ಹುರುಳಿಕಾಯಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಹಾಕಿದ್ದೆ. ಬಳ್ಳಿ ಹಬ್ಬದ ಗಿಡ್ಡ ಜಾತಿ, ಕುಂಡಕ್ಕೆ ಹೇಳಿ ಮಾಡಿಸಿದ್ದು. ಜೂನ್‌ನಲ್ಲಿ ಬಿತ್ತಿದಾಗ ಇದೇ ಬೀಜ ಗಿಡ ಬಾಗುವಷ್ಟು ಕಾಯಿ ಕೊಟ್ಟಿದೆ. ಬೇಸಿಗೆಯಲ್ಲೂ ಗಿಡವೇನೋ ಸೊಂಪಾಗಿ ಬಂತು, ಹೂವೂ ಬಂತು, ಆದರೆ ಬೆಳಗ್ಗೆ ನೋಡಿದರೆ ತೊಟ್ಟಿನ ಸಮೇತ ಮಣ್ಣಿನ ಮೇಲೆ ಉದುರಿರುತ್ತಿತ್ತು. ಹಗಲ ಬಿಸಿ 30 ದಾಟಿ ಹಾಗೇ ಉಳಿದುಬಿಟ್ಟರೆ ಹುರುಳಿಕಾಯಿ ಹೂವು ಕಾಯಿ ಕಚ್ಚುವುದು ಕಷ್ಟ. ಅದಕ್ಕೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ, ಹೆಚ್ಚು ಹಾಕಿದರೆ ಎಲೆ ಮಾತ್ರ ಬರುತ್ತದೆ. ಇನ್ನೊಂದು ತೊಂದರೆ ನೀರಿನದು. ಉಪ್ಪಿನಂಶವನ್ನು ಹುರುಳಿಕಾಯಿ ಸ್ವಲ್ಪವೂ ತಡೆಯುವುದಿಲ್ಲ. ಬೇಸಿಗೆಯಲ್ಲಿ ನಮಗೆ ಸಿಗುವುದು ಬೋರ್‌ವೆಲ್ಲಿನ ಗಡಸು ನೀರು, ಎಲೆಯ ಅಂಚು ಕಂದಾಗಲು ಅಷ್ಟೇ ಸಾಕು.

ಪಕ್ಕದ ಬ್ಯಾಗಿನ ಅಲಸಂದೆಗೆ ಇದೇ ಬಿಸಿಲು ಹಬ್ಬ. ಸಂಸ್ಥೆಯದೇ ಅರ್ಕಾ ಗರಿಮಾ ಬಿಸಿಯನ್ನೂ ನೀರಿನ ಕೊರತೆಯನ್ನೂ ತಡೆದುಕೊಳ್ಳುವ ತಳಿ. ಬಿತ್ತಿದ ಒಂದೂವರೆ ತಿಂಗಳಿಗೆ ಕೊಯ್ಲು ಶುರು. ಆಮೇಲೆ ದಿನ ಬಿಟ್ಟು ದಿನ ಒಂದು ಪಲ್ಯಕ್ಕಾಗುವಷ್ಟು ಕಾಯಿ. ಕಾಡುವುದು ಕಪ್ಪು ಹೇನು ಒಂದೇ. ಎಳೆ ಕಾಯಿಯ ತುದಿಯಿಂದ ಹಿಡಿದು ತೊಟ್ಟಿನವರೆಗೆ ಮಸಿ ಬಳಿದ ಹಾಗೆ ಮೆತ್ತಿಕೊಂಡಿರುತ್ತದೆ, ಅದರ ಸುತ್ತ ಇರುವೆ ಓಡಾಡುತ್ತಿರುತ್ತವೆ. ಇರುವೆ ಸಾಲು ಕಂಡ ದಿನವೇ ನೀರನ್ನು ರಭಸವಾಗಿ ಹಾಯಿಸಿ ತೊಳೆದು, ಸಂಜೆ ಬೇವಿನೆಣ್ಣೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ರುಚಿಯಲ್ಲಿ ಹುರುಳಿಕಾಯಿಯೇ ಮೇಲು ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಹುಳಿಗೆ ಹಾಕಲು ಕೈಗೆ ಸಿಗುವುದು ಅಲಸಂದೆ.

ಅವರೆ ಯಾಕೆ ಹಾಕಬಾರದು ಅಂತ ಹಲವರು ಕೇಳುತ್ತಾರೆ. ನಾಡ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಜಾತಿ. ಅವರೆ ಮೇಳ ಚಳಿಗಾಲದಲ್ಲೇ ನಡೆಯುವುದಕ್ಕೆ ಕಾರಣ ಅದೇ. ಮಾರ್ಚ್‌ನಲ್ಲಿ ಬಿತ್ತಿದರೆ ತಿಂಗಳುಗಟ್ಟಲೆ ಬರೀ ಬಳ್ಳಿ. ಹಗಲಿನ ಅಳತೆ ನೋಡದೆ ಕಾಯಿ ಬಿಡುವ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳಿವೆ, ಆಸೆಯಿದ್ದವರು ಅವನ್ನು ಹಾಕಬಹುದು. ಮಾಗಿ ಚಳಿಯ ಸೊಗಡು ಮಾತ್ರ ಅದರಲ್ಲಿ ನನಗೆ ಸಿಗಲಿಲ್ಲ.

ಟೊಮೆಟೊ ಎಲ್ಲರಿಗೂ ಬೇಕು. ಅದು ರಾತ್ರಿಯ ತಂಪು ಬೇಡುವ ಗಿಡ. ರಾತ್ರಿ 21 ದಾಟಿ, ಹಗಲು 33-34 ಆದರೆ ಪರಾಗದ ಕಸುವು ಕುಂದುತ್ತದೆ, ಹೂ ಒಣಗಿ ಉದುರುತ್ತದೆ. ಜೊತೆಗೆ ಬೇಸಿಗೆಯಲ್ಲಿ ಬಿಳಿ ನೊಣ ಹೆಚ್ಚು. ಎಲೆ ಮುಟುರು ರೋಗ ಹರಡುವುದೇ ಅದು. ಡಿಸೆಂಬರ್ ಕೊನೆಗೆ ಬಿತ್ತಿ ಜನವರಿ ಕೊನೆಗೆ ಸಸಿ ನೆಟ್ಟವರಿಗೆ ಮಾರ್ಚ್‌ನಲ್ಲಿ ಹೂವು ನಿಂತು ಹಣ್ಣು ಸಿಗುತ್ತದೆ. ಮುಟುರು ರೋಗ, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಹಾಕಿದರೆ ಇನ್ನೂ ಒಳ್ಳೆಯದು. ಶಿವರಾತ್ರಿಗೆ ಬೀಜ ಹುಡುಕುವವರಿಗೆ ನನ್ನ ಸಲಹೆ ಬೆಂಡೆ. ರಾತ್ರಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ, ಏಳು ವಾರಕ್ಕೆ ಕಾಯಿ. ಒಂದೇ ಷರತ್ತು, ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು, ಇಲ್ಲದಿದ್ದರೆ ನಾರಾಗುತ್ತದೆ. ಬಿಳಿ ನೊಣ ಬೆಂಡೆಗೂ ಹಳದಿ ನಂಜುರೋಗ ತರುತ್ತದೆ, ಆದ್ದರಿಂದ ಹಳದಿ ಅಂಟು ಹಾಳೆ ಮೊದಲ ವಾರದಿಂದಲೇ ತೂಗುಹಾಕಿ. ಬದನೆಯೂ ಬಿಸಿಲು ತಡೆಯುತ್ತದೆ, ಆದರೆ ಕಾಯಿಕೊರಕದ ಜೊತೆ ದಿನವೂ ಹೋರಾಡಬೇಕು. ಬೆಂಡೆಯಷ್ಟು ನಿಶ್ಚಿಂತೆ ಅದರಲ್ಲಿಲ್ಲ. ದಪ್ಪ ಮೆಣಸಿನಕಾಯಿ ಈ ಕಾಲಕ್ಕೆ ಬೇಡ, ಹಸಿಮೆಣಸಿನಕಾಯಿ ಸಾಕು.

ಚಪ್ಪರಕ್ಕೆ ಸೌತೆಯೋ ಹೀರೆಯೋ ಅನ್ನುವಲ್ಲಿ ಮಾತ್ರ ತೀರ್ಪು ಸುಲಭವಿಲ್ಲ. ಸೌತೆ ಬೇಗ ಬರುತ್ತದೆ. ಹೂವು ಬೆಳಗ್ಗೆ ಅರಳುವುದರಿಂದ ಜೇನುನೊಣದ ಕೆಲಸ ತಾನಾಗಿ ಆಗುತ್ತದೆ. ಆದರೆ ಒಂದು ದಿನ ಮಣ್ಣು ಒಣಗಿದರೂ ಕಹಿ ಬರುವ ಅಪಾಯವಿದೆ, ದಿನಕ್ಕೆರಡು ಸಲ ನೀರು ಬೇಕಾಗುತ್ತದೆ. ಹೀರೆ ಹೂವು ಅರಳುವುದು ಸಂಜೆ. ಎತ್ತರದ ತಾರಸಿಗಳಿಗೆ ಆ ಹೊತ್ತಿಗೆ ಬರುವ ಕೀಟ ಕಡಿಮೆ, ಹೀಗಾಗಿ ಪರಾಗಸ್ಪರ್ಶ ನಾವೇ ಮಾಡಿದರೆ ಕಾಯಿ ಖಾತ್ರಿ. ಗಂಡು ಹೂವು ಗೊಂಚಲಾಗಿರುತ್ತದೆ. ಹೆಣ್ಣು ಹೂವು ಒಂಟಿ, ಅದರ ಬುಡದಲ್ಲಿ ಬೆರಳ ತುದಿಯಷ್ಟು ಪುಟ್ಟ ಕಾಯಿ, ಅದರ ಮೇಲಾಗಲೇ ಏಣು ಮೂಡಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಮೇಲೆ ಹೋಗಿ, ಗಂಡು ಹೂವಿನ ದಳ ಕಿತ್ತು ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಕಚ್ಚಿದ ಕಾಯಿ ಒಂದೆರಡು ದಿನದಲ್ಲಿ ಹಸಿರೇರಿ ಉದ್ದವಾಗುತ್ತದೆ, ಕಚ್ಚದ್ದು ಹಳದಿಯಾಗಿ ಸೊರಗುತ್ತದೆ. ಕಚ್ಚಿದ್ದಕ್ಕೆ ಕೂಡಲೇ ಕಾಗದದ ಚೀಲ ತೊಡಿಸಿ, ಇಲ್ಲವೆಂದರೆ ಹಣ್ಣುನೊಣ ಚುಚ್ಚಿ ಕಾಯಿ ಸೊಟ್ಟಗಾಗುತ್ತದೆ. ಇಷ್ಟು ಮಾಡಲು ಸಂಜೆ ಮನೆಯಲ್ಲಿರುವವರಿಗೆ ಹೀರೆ. ಸಿಪ್ಪೆಯ ಚಟ್ನಿಯೂ ಸಿಗುವುದರಿಂದ ನನ್ನ ಓಟು ಅದಕ್ಕೇ.

ಸೊಪ್ಪಿನಲ್ಲಿ ಪಾಲಕ್ ಬೇಸಿಗೆಗೆ ಬೇಗ ತೆನೆ ಹೊಡೆದು ಎಲೆ ಸಣ್ಣದಾಗುತ್ತದೆ. ದಂಟು ಮತ್ತು ಬಸಳೆಗೆ ಬಿಸಿಲೇ ಬಲ. ಇವೆರಡರಲ್ಲಿ ಆರಿಸುವಾಗ ನೀರಿನ ಲೆಕ್ಕ ಹಾಕಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕುವುದನ್ನು ಜಲಮಂಡಳಿ ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಬೇಸಿಗೆ ಮತ್ತೆ ಬಂದರೂ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲೇ ಒಂದು ಮನೆಯ ದಂಟು ಬೆಳೆಯುತ್ತದೆ. ಬಸಳೆಗೆ ಬುಡ ಸದಾ ತೇವವಾಗಿರಬೇಕು, ಅದನ್ನು ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ, ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ ಇಡಿ. ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ಮಾತ್ರ ಯಾವ ಸೊಪ್ಪಿಗೂ ನೇರವಾಗಿ ಹಾಕಬೇಡಿ. ಅದರಲ್ಲಿ ಉಪ್ಪು ಮಡುಗಟ್ಟಿರುತ್ತದೆ, ಮಳೆ ಬಂದು ತೊಳೆದುಹೋಗುವವರೆಗೂ ಕುಂಡದಲ್ಲೇ ಉಳಿಯುತ್ತದೆ.