ಗೇರುಬೀಜ ಆಮದಿಗೆ ಬ್ಲಾಕ್‌ಚೈನ್ ಬಿಎಲ್: ಕೆಲವು ಸೀಸನ್ ಬಳಸಿದ ಮೇಲೆ

ನಮ್ಮದು ಮಂಗಳೂರಿನ ಗೇರುಬೀಜ ಕಾರ್ಖಾನೆ. ಕಚ್ಚಾ ಬೀಜ ಐವರಿ ಕೋಸ್ಟ್, ಗಿನಿ ಬಿಸ್ಸಾವ್, ತಾಂಜಾನಿಯಾದಿಂದ ಪಣಂಬೂರು ಬಂದರಿಗೆ ಬರುತ್ತದೆ.

ಮೊದಲೆಲ್ಲ ಮಾಲು ಬಂದರೂ ಒರಿಜಿನಲ್ ಬಿಲ್ ಆಫ್ ಲೇಡಿಂಗ್ (ಬಿಎಲ್, ಅಂದರೆ ಹಡಗಿನ ಮಾಲು ಯಾರದ್ದೆಂದು ತೋರಿಸುವ ಕಾಗದ) ಬಂದಿರುತ್ತಿರಲಿಲ್ಲ. ಅಲ್ಲಿಯ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ಅದು ಕೊರಿಯರ್‌ನಲ್ಲೇ ಬರಬೇಕಿತ್ತು. ಅದಿಲ್ಲದೆ ಶಿಪ್ಪಿಂಗ್ ಲೈನ್ ಮಾಲು ಬಿಡಿಸುವ ಡೆಲಿವರಿ ಆರ್ಡರ್ ಕೊಡುವುದಿಲ್ಲ. ಪಶ್ಚಿಮ ಆಫ್ರಿಕಾದ ಕೊನೆಯ ಲೋಡುಗಳು ಮುಟ್ಟುವಾಗ ನಮ್ಮಲ್ಲಿ ಜಡಿಮಳೆ. ಕಂಟೇನರ್ ಒಳಗೆ ಬೆವರು ಇಳಿದು ಗೋಣಿ ಒದ್ದೆ, ಬೀಜಕ್ಕೆ ಬೂಷ್ಟು. ಮಾಲು ಬಿಡಿಸಲು ತಡವಾದದ್ದಕ್ಕೆ ದಂಡ, ಅಂದರೆ ಡಿಮರೇಜ್ ಬೇರೆ.

ಈಗ ಬಿಎಲ್ ಬ್ಲಾಕ್‌ಚೈನ್ ಮೂಲಕ, ಅಂದರೆ ಒಮ್ಮೆ ಬರೆದದ್ದನ್ನು ಯಾರೂ ಗುಟ್ಟಾಗಿ ತಿದ್ದಲಾಗದ ಹಂಚಿಕೊಂಡ ಡಿಜಿಟಲ್ ದಾಖಲೆಯಲ್ಲಿ, ಆನ್‌ಲೈನ್‌ನಲ್ಲೇ ಕೈ ಬದಲಾಗುತ್ತದೆ. ಒಂದು ಹೊತ್ತಿಗೆ ಅದಕ್ಕೆ ಒಬ್ಬನೇ ಒಡೆಯ. ಹಣ ಕಟ್ಟಿದ ಕೂಡಲೇ ಬ್ಯಾಂಕ್ ನಮ್ಮ ಖಾತೆಗೆ ಬಿಡುತ್ತದೆ, ನಾವು ಲೈನಿಗೆ ಒಪ್ಪಿಸುತ್ತೇವೆ. ಈ ಒಂದು ಕೆಲಸಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ. ಬಿಟ್‌ಕಾಯಿನ್ ಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಬೇಡ, ಮಾಮೂಲಿ ಲಾಗಿನ್ ಸಾಕು.

ತೊಂದರೆ ಇರುವುದು ಉಳಿದವರನ್ನು ಸೇರಿಸುವುದರಲ್ಲಿ. ಮಾರುವವರು, ಎರಡೂ ಬ್ಯಾಂಕು, ಲೈನು, ಇವರಲ್ಲಿ ಒಬ್ಬರು ಒಪ್ಪದಿದ್ದರೂ ಮತ್ತೆ ಕಾಗದವೇ ಗತಿ. ಈಜಿಪ್ಟ್ 2021ರಲ್ಲಿ ಸಮುದ್ರದ ಆಮದಿನ ದಾಖಲೆಗಳನ್ನು ಮುಂಚಿತವಾಗಿ ಬ್ಲಾಕ್‌ಚೈನ್ ಮೂಲಕವೇ ಕಳಿಸಬೇಕೆಂದು ಕಡ್ಡಾಯ ಮಾಡಿತು. ಹಾಗಾಗಿ ಅಲ್ಲಿಗೆ ಮಾಲು ಕಳಿಸುವವರೆಲ್ಲ ಸೇರಲೇಬೇಕಾಯಿತು. ನಮ್ಮಲ್ಲಿ ಒಬ್ಬೊಬ್ಬರನ್ನೇ ಒಪ್ಪಿಸಬೇಕು.

ಇನ್ನೊಂದು ಮಾತು. ಬ್ಲಾಕ್‌ಚೈನ್‌ನಲ್ಲಿ ಹಾಕಿದ್ದ ಒಂದು ಲೋಡಿನ ಗುಣಮಟ್ಟದ ರಿಪೋರ್ಟ್‌ನಲ್ಲಿ ಔಟ್‌ಟರ್ನ್ 48 ಪೌಂಡ್ ಎಂದಿತ್ತು, ಅಂದರೆ 80 ಕೆಜಿ ಚೀಲಕ್ಕೆ ಅಷ್ಟು ತಿರುಳು. ಇಲ್ಲಿ ಚೀಲಚೀಲದಿಂದ ಸ್ಯಾಂಪಲ್ ತೆಗೆದು ಕತ್ತರಿಸಿದೆವು. ಕಪ್ಪು ಚುಕ್ಕೆ, ಮುರುಟಿದ ತಿರುಳು, ಬರೀ ಟೊಳ್ಳು. ಲೆಕ್ಕ ತುಂಬಾ ಕೆಳಗೆ ಬಂತು. "ಬ್ಲಾಕ್‌ಚೈನ್‌ನಲ್ಲೇ ಇದೆಯಲ್ಲ ಸಾರ್" ಎಂದರು ಮಾರಿದವರು. ರಿಪೋರ್ಟನ್ನು ಯಾರೂ ತಿದ್ದಿಲ್ಲ, ಸರಿ. ಆದರೆ ಸುಳ್ಳು ಬರೆದು ಬೀಗ ಹಾಕಿದರೂ ಅದು ಸುಳ್ಳೇ ಅಲ್ವಾ? ಲೋಡಿಂಗ್ ಹೊತ್ತಿಗೆ ಮಾಲು ಪರೀಕ್ಷಿಸುವ ನಿಮ್ಮ ಕಡೆಯ ಸರ್ವೇಯರ್ ಅಲ್ಲಿ ಇರಲೇಬೇಕು.

ಚಂದಾ ಕಟ್ಟುವ ಮೊದಲು, ಈ ಬ್ಲಾಕ್‌ಚೈನ್ ಸೇವೆ ಕೊಡುವ ಕಂಪನಿ ಮುಚ್ಚಿದರೆ ನಮ್ಮ ಬಿಎಲ್ ಗತಿ ಏನು ಎಂದು ಕೇಳಿ. ಮೆರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ತಂದ ಟ್ರೇಡ್‌ಲೆನ್ಸ್ ಎಂಬ ಇಂಥದೇ ಬ್ಲಾಕ್‌ಚೈನ್ ಸೇವೆ 2023ರ ಮೊದಲ ತಿಂಗಳುಗಳಲ್ಲೇ ನಿಂತುಹೋಯಿತು. ಮಧ್ಯದಲ್ಲಿ ಬಿಎಲ್ ಅನ್ನು ಕಾಗದಕ್ಕೆ ಬದಲಿಸಿಕೊಡುವ ಷರತ್ತು ಒಪ್ಪಂದದಲ್ಲೇ ಬರೆಸಿಕೊಳ್ಳಿ. ನಾವು ಬರೆಸಿಕೊಂಡಿದ್ದೇವೆ.