ಎತ್ತರ ಬದಲಿಸುವ ಮೇಜು: ಬಿಡದ ಬೆನ್ನುನೋವಿನವರ ಕೆಲಸಕ್ಕೆ ಎಷ್ಟು ನೆರವು?

ಮೂರು ತಿಂಗಳು ದಾಟಿದರೂ ಬಿಡದ ಬೆನ್ನುನೋವು, ಸೊಂಟನೋವು ಇದ್ದೂ ಕಂಪ್ಯೂಟರ್ ಕೆಲಸಕ್ಕೆ ಮರಳುವವರಿಗೆ, ಕೂತೂ ನಿಂತೂ ಕೆಲಸ ಮಾಡುವಂತೆ ಏರಿಸಿ ಇಳಿಸಬಹುದಾದ ಈ ಮೇಜು ನಿಜಕ್ಕೂ ನೆರವಾಗುತ್ತದೆ. ನೋವು ವಾಸಿ ಮಾಡುವುದಿಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುವುದನ್ನು ತಪ್ಪಿಸುತ್ತದೆ.

ಮೋಟಾರಿನದನ್ನೇ ಕೊಳ್ಳಿ. ಹಿಡಿಕೆ ತಿರುಗಿಸಿ ಏರಿಸುವ ಮೇಜು ಅಗ್ಗ, ಆದರೆ ನೋವು ಜೋರಾದ ದಿನ ಅದನ್ನು ತಿರುಗಿಸಲು ಮನಸ್ಸೇ ಬರುವುದಿಲ್ಲ. ಇರುವ ಮೇಜಿನ ಮೇಲಿಡುವ ಸ್ಪ್ರಿಂಗ್ ಸ್ಟ್ಯಾಂಡನ್ನು ಮುಂದಕ್ಕೆ ಬಾಗಿ ಎರಡೂ ಕೈಯಿಂದ ಎತ್ತಬೇಕು. ಭುಜ, ಮಣಿಕಟ್ಟು ನೋಯುವವರಿಗೆ ಅದು ಬೇಡವೇ ಬೇಡ.

ಎಲ್ಲರೂ ಮೇಜು ಎಷ್ಟು ಮೇಲೇರುತ್ತದೆ ಎಂದು ಕೇಳುತ್ತಾರೆ. ಎಷ್ಟು ಕೆಳಗಿಳಿಯುತ್ತದೆ ಎಂದು ಮೊದಲು ಕೇಳಿ. ಎರಡು ಹಂತದ ಕಾಲಿನವು (ಅಂದರೆ ಒಂದರೊಳಗೊಂದು ಸರಿಯುವ ಎರಡು ತುಂಡಿನ ಕಾಲು) ಸಾಮಾನ್ಯವಾಗಿ 70 ಸೆಂ.ಮೀ. ಆಸುಪಾಸಿನಲ್ಲೇ ನಿಲ್ಲುತ್ತವೆ. ಕುಳ್ಳಗಿನವರು ಅದರಲ್ಲಿ ಭುಜ ಎತ್ತಿಕೊಂಡೇ ಟೈಪ್ ಮಾಡಬೇಕಾಗಿ, ಬೆನ್ನಿನ ಜೊತೆಗೆ ಕತ್ತೂ ಹಿಡಿದುಕೊಳ್ಳುತ್ತದೆ. ಮೂರು ಹಂತದವು 60ರ ಆಸುಪಾಸಿಗೆ ಇಳಿಯುತ್ತವೆ. ಅಂಗಡಿಯಲ್ಲಿ ಮೇಜನ್ನು ಪೂರ್ತಿ ಏರಿಸಿ, ಅಂಚು ಹಿಡಿದು ಅಲುಗಾಡಿಸಿ ನೋಡಿ. ಅಗ್ಗದವು ಅಲ್ಲೇ ತೂಗಾಡುತ್ತವೆ.

ಭುಜ ಸಡಿಲ ಬಿಟ್ಟಾಗ ಮೊಣಕೈ ಸುಮಾರು 90 ಡಿಗ್ರಿ ಮಡಚುವಂತೆ ಕೂತ ಎತ್ತರ, ನಿಂತ ಎತ್ತರ ಎರಡನ್ನೂ ಗುರುತಿಸಿ, ಎತ್ತರ ನೆನಪಿಟ್ಟುಕೊಳ್ಳುವ ಮೆಮೊರಿ ಗುಂಡಿಗೆ ಸೇರಿಸಿ. ಕೆಲಸದ ವೇಳೆ ಹಾಕುವ ಚಪ್ಪಲಿ, ಶೂ ಹಾಕಿಕೊಂಡೇ ಅಳೆಯಿರಿ. ಪರದೆ ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ; ಬೈಫೋಕಲ್ ಕನ್ನಡಕದವರಿಗೆ ತುಸು ಕೆಳಗೆ. ಲ್ಯಾಪ್‌ಟಾಪ್ ಆದರೆ ಬೇರೆ ಕೀಬೋರ್ಡ್ ಬೇಕೇ ಬೇಕು. ವೈರುಗಳ ಉದ್ದವನ್ನು ಮೇಜು ಪೂರ್ತಿ ಏರಿದ ಸ್ಥಿತಿಯಲ್ಲಿ ನೋಡಿ, ಇಲ್ಲದಿದ್ದರೆ ಏರಿಸುವಾಗ ಪ್ಲಗ್ ಕಿತ್ತುಬರುತ್ತದೆ.

ಹೆಚ್ಚಿನವರು ಎಡವುವುದು ಬಳಕೆಯಲ್ಲಿ. ನೋವು ಶುರುವಾದ ಮೇಲೆ ಏಳುತ್ತಾರೆ. ಹಗುರವೆನಿಸಿದ ದಿನ ಎರಡು ಗಂಟೆ ನಿಂತೇಬಿಟ್ಟು ಮರುದಿನ ಹಾಸಿಗೆ ಹಿಡಿಯುತ್ತಾರೆ. ಗಡಿಯಾರ ಹೇಳಿದಾಗ ಏಳಿ, ನೋವು ಹೇಳಿದಾಗಲ್ಲ. 25 ನಿಮಿಷ ಕೂತು 5 ನಿಮಿಷ ನಿಲ್ಲುವುದರಿಂದ ಶುರುಮಾಡಿ. ವಾರವಿಡೀ ನೋವು ಕೆರಳದಿದ್ದರೆ ಮಾತ್ರ ನಿಲ್ಲುವುದಕ್ಕೆ ಇನ್ನೊಂದೈದು ನಿಮಿಷ ಸೇರಿಸಿ. ನಿಂತಾಗ ಒಂದು ಕಾಲನ್ನು ಗಿಡ್ಡ ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಿದರೆ ಸೊಂಟಕ್ಕೆ ಆರಾಮ.

ಮೊಣಕಾಲು, ಹಿಮ್ಮಡಿ ನೋಯುವವರಿಗೆ ಈ ಮೇಜಿಗಿಂತ ಒಂದು ಒಳ್ಳೆಯ ಕುರ್ಚಿಯೇ ಮೇಲು. ಕಚೇರಿಯವರಿಗೂ ಒಂದು ಮಾತು: ಮೇಜು ಕೊಡಿಸಿ, ಮೊದಲ ದಿನದಿಂದಲೇ ಎಂಟು ಗಂಟೆಯ ಪೂರ್ತಿ ಕೆಲಸ ಹೊರಿಸಿದರೆ ಹಾಕಿದ ಹಣ ದಂಡ. ಅರ್ಧ ದಿನದಿಂದ ಆರಂಭಿಸಿ, ವಾರಕ್ಕಿಷ್ಟೆಂದು ಗಂಟೆ ಏರಿಸುವ ವೇಳಾಪಟ್ಟಿಯನ್ನು ನೌಕರರ ಜೊತೆ ಕೂತು ಬರೆದುಕೊಳ್ಳಿ.